ನಗುವ ಮೊದಲು ಕಡತ ಓದಿ

‘ತಪ್ಪು ಮಾಡಿ ಒಳಗೆ ಹೋದವನಿಗೂ ಹಕ್ಕಾ?’ ಜೈಲಿನ ಸುದ್ದಿ ಬಂದಾಗಲೆಲ್ಲ ಏಳುವ ಪ್ರಶ್ನೆ ಇದು. ಅಮೆರಿಕದ ಕೋರ್ಟುಗಳೂ ಬಹಳ ಕಾಲ ಹೀಗೇ ಯೋಚಿಸಿದ್ದವು. ಜೈಲಿನೊಳಗಿನದ್ದು ಜೈಲಿನವರಿಗೇ ಬಿಟ್ಟಿದ್ದು ಅಂತ ಕೈ ತೊಳೆದುಕೊಂಡಿದ್ದವು.

ಹಾಗಂತ ಕಾನೂನು ಇರಲಿಲ್ಲವಾ? ಇತ್ತು. ರಾಜ್ಯದ ಅಧಿಕಾರಿಗಳು ಸಂವಿಧಾನದ ಹಕ್ಕು ಕಸಿದರೆ ಫೆಡರಲ್ ಕೋರ್ಟಿಗೆ ಹೋಗಬಹುದು ಅನ್ನೋ ಕಾಯ್ದೆ 1871ರಲ್ಲೇ ಬಂದಿತ್ತು. ಕು ಕ್ಲಕ್ಸ್ ಕ್ಲಾನ್ ದೌರ್ಜನ್ಯ ತಡೆಯೋಕೆ ಮಾಡಿದ ಕಾಯ್ದೆ ಅದು. ಕೈದಿಯೂ ಅದನ್ನು ಬಳಸಬಹುದು ಅಂತ ಸುಪ್ರೀಂ ಕೋರ್ಟ್ ಒಪ್ಪಿದ್ದು 1964ರಲ್ಲಿ!

1972ರಲ್ಲಿ ಟೆಕ್ಸಾಸ್ ಜೈಲಿನಿಂದ ಒಂದು ಕೈಬರಹದ ಅರ್ಜಿ ಹೊರಟಿತು. ಬರೆದವನು ಡೇವಿಡ್ ರೂಯಿಜ್. ಸಾಧು ಏನಲ್ಲ, ದರೋಡೆ ಕೇಸಲ್ಲಿ ಒಳಗಿದ್ದವನು. ಆದರೆ ದೂರು ಸುಳ್ಳಾಗಿರಲಿಲ್ಲ. ಇಕ್ಕಟ್ಟಾದ ಸೆಲ್ಲಿಗೆ ಮೂವರನ್ನು ತುಂಬುತ್ತಿದ್ದರು, ಒಬ್ಬನಿಗೆ ನೆಲವೇ ಹಾಸಿಗೆ. ಕಾವಲಿನ ಕೆಲಸವನ್ನು ಬಲಿಷ್ಠ ಕೈದಿಗಳಿಗೇ ಒಪ್ಪಿಸಿದ್ದರು. ಅವರು ಉಳಿದವರನ್ನು ಹೊಡೆದು ಬಡಿದು ಹತೋಟಿಯಲ್ಲಿಡುತ್ತಿದ್ದರು. ಚಿಕಿತ್ಸೆ ಕೊಡೋರೂ ತರಬೇತಿಯಿಲ್ಲದ ಕೈದಿಗಳೇ.

ನ್ಯಾಯಾಧೀಶರ ಹೆಸರು ವಿಲಿಯಂ ವೇನ್ ಜಸ್ಟಿಸ್. ಹೌದು, ಹೆಸರೇ ಜಸ್ಟಿಸ್. 159 ದಿನ ವಿಚಾರಣೆ, 349 ಸಾಕ್ಷಿಗಳು. ಇಂಥ ಜೈಲುವಾಸ ಸಂವಿಧಾನ ನಿಷೇಧಿಸಿರುವ ಕ್ರೂರ ಶಿಕ್ಷೆ ಅಂತ 1980ರಲ್ಲಿ ತೀರ್ಪು ಬಂತು. ಟೆಕ್ಸಾಸ್ ಜೈಲುಗಳ ಮೇಲೆ ಕೋರ್ಟಿನ ನಿಗಾ 2002ರವರೆಗೂ ಮುಂದುವರಿಯಿತು.

ಅಷ್ಟರಲ್ಲಿ ಗಾಳಿ ತಿರುಗಿತ್ತು. ಕೈದಿಗಳ ಕೇಸು ಅಂದರೆ ಬರೀ ತಮಾಷೆ ಅನ್ನೋ ಪ್ರಚಾರ ಜೋರಾಯಿತು. ‘ಬೇಕಾದ ಪೀನಟ್ ಬಟರ್ ಸಿಗಲಿಲ್ಲ ಅಂತ ಕೋರ್ಟಿಗೆ ಹೋದನಂತೆ’ ಅಂತ ಊರೆಲ್ಲ ನಕ್ಕಿತು. ಜಾನ್ ನ್ಯೂಮನ್ ಎಂಬ ನ್ಯಾಯಾಧೀಶರು ಕಡತ ತೆಗೆದು ನೋಡಿದರು. ವಿಷಯ ಬೇರೆಯೇ ಇತ್ತು. ಕ್ಯಾಂಟೀನಿನವರು ತಪ್ಪು ಡಬ್ಬಿ ಕೊಟ್ಟಿದ್ದರು, ಕೈದಿ ವಾಪಸ್ ಮಾಡಿದ್ದ. ಬದಲಿ ಡಬ್ಬಿ ಬರಲಿಲ್ಲ, ಅವನ ಖಾತೆಯಿಂದ ಎರಡೂವರೆ ಡಾಲರ್ ಮಾತ್ರ ಹೋಗಿತ್ತು. ಅವನು ಕೇಳಿದ್ದು ತನ್ನ ದುಡ್ಡನ್ನು.

ಆದರೆ ತಮಾಷೆಯೇ ಗೆದ್ದಿತು. 1996ರಲ್ಲಿ ಹೊಸ ಕಾಯ್ದೆ ಬಂತು. ಕೈದಿ ಮೊದಲು ಜೈಲಿನೊಳಗೇ ದೂರು ಕೊಟ್ಟು, ಅಲ್ಲಿನ ಎಲ್ಲ ಹಂತ ದಾಟಬೇಕು. ಎಷ್ಟೇ ಬಡವನಾದರೂ ಕಂತಿನಲ್ಲಾದರೂ ಕೋರ್ಟ್ ಶುಲ್ಕ ಕಟ್ಟಬೇಕು.

ಹುರುಳಿಲ್ಲದ ಅರ್ಜಿಗಳು ಇರಲಿಲ್ಲ ಅಂತಲ್ಲ, ಇದ್ದವು. ಆದರೆ ರೂಯಿಜ್‌ನ ಕಾಗದವೂ ಅದೇ ರಾಶಿಯಲ್ಲಿ ಬಂದದ್ದು. ಅವನಿಗೆ ಕೋರ್ಟ್ ವಿಧಿಸಿದ್ದು ಜೈಲುವಾಸ. ಒದೆ ತಿನ್ನಬೇಕು, ನೆಲದ ಮೇಲೆ ಮಲಗಬೇಕು, ಕಾಯಿಲೆ ಬಿದ್ದರೆ ನರಳಬೇಕು ಅಂತ ಯಾವ ಆದೇಶದಲ್ಲೂ ಬರೆದಿರಲಿಲ್ಲ.