ಪತಂಗ ಅಂಟಿಸಿದ ಪುಟ



1947ರ ಸೆಪ್ಟೆಂಬರ್ 9. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್-2 ಎಂಬ ಭಾರೀ ಗಣಕಯಂತ್ರ ಕೆಟ್ಟಿತು. ಹುಡುಕಿದಾಗ 70ನೆಯ ರಿಲೇಯಲ್ಲಿ ಒಂದು ಪತಂಗ ಸಿಕ್ಕಿಕೊಂಡಿತ್ತು. ಸಿಬ್ಬಂದಿ ಅದನ್ನು ಎಸೆಯಲಿಲ್ಲ. ದಿನಚರಿ ಪುಸ್ತಕದ ಪುಟಕ್ಕೆ ಅಂಟಿಸಿ, ಪಕ್ಕದಲ್ಲಿ ಸಮಯ, ಫಲಕದ ಗುರುತು, ರಿಲೇಯ ಸಂಖ್ಯೆ ಬರೆದರು. ಆ ಪುಸ್ತಕ ಈಗ ಸ್ಮಿತ್‌ಸೋನಿಯನ್ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿದೆ.

'ಬಗ್' ಎಂಬ ಹೆಸರು ಈ ಪತಂಗದಿಂದಲೇ ಬಂತೆಂದು ನೀವು ಕೇಳಿರಬಹುದು. ಅದು ಸರಿಯಲ್ಲ. ಯಂತ್ರದ ತೊಡಕಿಗೆ ಥಾಮಸ್ ಎಡಿಸನ್ 1878ರಲ್ಲೇ ಆ ಮಾತನ್ನು ಬಳಸಿದ್ದರು. ಆದರೆ ಆ ಪುಟದ ಪಾಠ ಬೇರೆ: ದೋಷ ಎಲ್ಲಿ, ಯಾವಾಗ, ಹೇಗೆ ಕಂಡಿತೆಂದು ಮುಚ್ಚಿಡದೆ ಬರೆದಿಡಬೇಕು. ಇಂದಿನ ತಂತ್ರಾಂಶ ತಂಡಗಳ ದೋಷಪಟ್ಟಿಯ ತಿರುಳೂ ಇದೇ.

ಬರೆದಿಟ್ಟರಷ್ಟೇ ಸಾಲದು, ದೋಷ ಬೇಗ ಕಾಣಬೇಕು. ಮಗ್ಗದಲ್ಲಿ ಎಳೆ ತುಂಡಾದೊಡನೆ ನೇಕಾರ ಗಂಟು ಹಾಕುತ್ತಾನೆ. ಸೀರೆ ಮುಗಿದ ಮೇಲೆ ಕಂಡರೆ ಏನು ಮಾಡಲಾದೀತು? ತಂತ್ರಾಂಶದಲ್ಲಿ ಬಹುಕಾಲ ನಡೆದದ್ದು ಈ ಎರಡನೆಯ ರೀತಿಯೇ. ಮೊದಲು ಯೋಜನೆ, ಆಮೇಲೆ ವಿನ್ಯಾಸ, ಬರವಣಿಗೆ, ಕಟ್ಟಕಡೆಗೆ ಪರೀಕ್ಷೆ. ಈ ಕ್ರಮದ ಚಿತ್ರವನ್ನು 1970ರಲ್ಲಿ ಪ್ರಕಟಿಸಿದ ವಿನ್‌ಸ್ಟನ್ ರಾಯ್ಸ್, ಪರೀಕ್ಷೆ ಕೊನೆಗೆ ಉಳಿದರೆ ಅಪಾಯವೆಂದು ಅಲ್ಲೇ ಎಚ್ಚರಿಸಿದ್ದರು. ಅನೇಕರು ಚಿತ್ರವನ್ನು ಹಿಡಿದರು, ಎಚ್ಚರಿಕೆಯನ್ನು ಬಿಟ್ಟರು.

ಪರೀಕ್ಷೆ ತಪ್ಪಿದರೆ ಏನಾಗುತ್ತದೆ? 1996ರ ಜೂನ್ 4ರಂದು ಐರೋಪ್ಯ ದೇಶಗಳ ಏರಿಯಾನ್-5 ರಾಕೆಟ್ ತನ್ನ ಮೊದಲ ಹಾರಾಟದಲ್ಲೇ, ಮೇಲೇರಿದ ಸುಮಾರು 40 ಸೆಕೆಂಡುಗಳಲ್ಲಿ ಚೂರಾಯಿತು. ಅದರ ದಿಕ್ಕು ಅಳೆಯುವ ತಂತ್ರಾಂಶವನ್ನು ಹಳೆಯ ಏರಿಯಾನ್-4ರಿಂದ ತಂದಿದ್ದರು. ಹೊಸ ರಾಕೆಟ್ಟಿನ ಅಡ್ಡವೇಗ ಹೆಚ್ಚು. ಅದಕ್ಕೆ ಸಂಬಂಧಿಸಿದ ಸಂಖ್ಯೆ, 32,767ಕ್ಕಿಂತ ದೊಡ್ಡದನ್ನು ಹಿಡಿಯಲಾರದ 16 ಬಿಟ್‌ಗಳ ಜಾಗದಲ್ಲಿ ಹಿಡಿಸಲಿಲ್ಲ. ಹೊಸ ಪಥದ ಅಂಕಿಗಳನ್ನು ಕೊಟ್ಟು ಆ ಭಾಗವನ್ನು ನೆಲದ ಮೇಲೆ ಪರೀಕ್ಷಿಸಿರಲಿಲ್ಲ.

ಬೇರೆ ದಾರಿಯೂ ಇತ್ತು. 1960ರ ದಶಕದ ಆರಂಭದಲ್ಲೇ ಅಮೆರಿಕದ ಮರ್ಕ್ಯುರಿ ಅಂತರಿಕ್ಷ ಯೋಜನೆಯ ತಂತ್ರಾಂಶ ತಂಡ ಅರ್ಧ ದಿನದ ಕಂತುಗಳಲ್ಲಿ ಕೆಲಸ ಮಾಡುತ್ತಿತ್ತು. ಪ್ರತಿ ಕಂತಿಗೂ ಮೊದಲು ಪರೀಕ್ಷೆ ಸಿದ್ಧವಾಗುತ್ತಿತ್ತು, ನಂತರ ಪ್ರೋಗ್ರಾಂ. ಕೆಂಟ್ ಬೆಕ್ 1990ರ ದಶಕದಲ್ಲಿ ಕ್ರೈಸ್ಲರ್ ಮೋಟಾರು ಕಂಪನಿಯ ಸಂಬಳ ಲೆಕ್ಕದ ಯೋಜನೆಯಲ್ಲಿ ಇಂಥ ಕ್ರಮವನ್ನು ಬೆಳೆಸಿದರು. 1997ರಲ್ಲಿ ಅವರು ಎರಿಕ್ ಗಾಮಾ ಜೊತೆ ಸೇರಿ, ಪರೀಕ್ಷೆಗಳನ್ನು ಯಂತ್ರವೇ ಮತ್ತೆ ಮತ್ತೆ ನಡೆಸುವಂತೆ ಜೆಯೂನಿಟ್ ಎಂಬ ಸಾಧನ ರಚಿಸಿದರು. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ ಬೆಕ್ ಸೇರಿದಂತೆ 17 ಮಂದಿ ಕೂಡಿ ಇಂಥ ವಿಧಾನಗಳಿಗೆ 'ಅಜೈಲ್', ಅಂದರೆ ಚುರುಕು, ಎಂದು ಹೆಸರಿಟ್ಟರು.

ಅಜೈಲ್ ಯೋಜನೆಯಲ್ಲಿ ಕೆಲಸ ಕೆಲವೇ ವಾರಗಳ ಕಂತುಗಳಲ್ಲಿ ಸಾಗುತ್ತದೆ. ಪರೀಕ್ಷೆ ಮುಗಿಯದ ಕೆಲಸ ಮುಗಿದ ಕೆಲಸವಲ್ಲ. ದೋಷ ಸಿಕ್ಕರೆ ಪಟ್ಟಿಗೆ ಸೇರಿಸಿ, ಅದರಿಂದಾಗುವ ತೊಂದರೆ ತೂಗಿ, ಯಾವುದು ಮೊದಲೆಂದು ನಿರ್ಧರಿಸುತ್ತಾರೆ. ಒಳ್ಳೆಯ ತಂಡ ಮೊದಲು ಆ ದೋಷವನ್ನು ತೋರಿಸುವ ಪರೀಕ್ಷೆ ಬರೆದು, ಆಮೇಲೆ ತಿದ್ದುತ್ತದೆ. ಆ ಪರೀಕ್ಷೆ ಕಾವಲಿಗೆ ಉಳಿಯುತ್ತದೆ. ಅದೇ ದೋಷ ಮರಳಿದರೆ ಕೂಡಲೇ ತಿಳಿಯುತ್ತದೆ.

ಹಾಗೆಂದು ದೋಷವೇ ಇಲ್ಲವೆಂದು ಬೀಗುವಂತಿಲ್ಲ. ಪರೀಕ್ಷೆಯಿಂದ ದೋಷ ಇದೆಯೆಂದು ತೋರಿಸಬಹುದೇ ಹೊರತು ಇಲ್ಲವೆಂದು ಸಾಧಿಸಲಾಗದು ಎಂದು ಡಚ್ ವಿಜ್ಞಾನಿ ಡೈಕ್‌ಸ್ಟ್ರಾ ಎಚ್ಚರಿಸಿದ್ದರು.

ನಿಮ್ಮ ಪ್ರಯೋಗಶಾಲೆಯ ದಾಖಲೆ ಪುಸ್ತಕವನ್ನೇ ನೋಡಿ. ಅಳತೆ ಪಠ್ಯಪುಸ್ತಕದ ಉತ್ತರಕ್ಕೆ ಹೊಂದದಿದ್ದಾಗ ರಬ್ಬರಿನಿಂದ ಅಳಿಸಿ 'ಸರಿಯಾದ' ಅಂಕಿ ಬರೆಯುವ ಆಸೆ ಯಾರಿಗೂ ಬರುತ್ತದೆ. ಅಳಿಸಬೇಡಿ. ಬಂದ ಅಂಕಿಯನ್ನೇ ಬರೆದು, ಏಕೆ ಹೀಗಾಯಿತೆಂದು ಅಂದೇ ಹುಡುಕಿ. ಪತಂಗವನ್ನು ಪುಟಕ್ಕೆ ಅಂಟಿಸಿದವರು ಮಾಡಿದ್ದೂ ಅದನ್ನೇ.