ಬಿಸಿಲುಕೋಲುಗಳು ಬೀಸಣಿಗೆಯಂತೆ ಹರಡಿದರೆ ಸೂರ್ಯ ಹತ್ತಿರದಲ್ಲಿದ್ದಾನೆ ಎಂದರ್ಥವೇ?

ಮೋಡದ ಸಂದಿಯಿಂದ ಬಿಸಿಲುಕೋಲುಗಳು ಬೀಸಣಿಗೆಯಂತೆ ಹರಡಿರುವ ಫೋಟೊ ನಿಮ್ಮ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ಅದರ ಮೇಲೆ ಗೆರೆ ಎಳೆದು, ಅವು ಕೂಡುವ ಜಾಗ ತೋರಿಸಿ, ‘ಸೂರ್ಯ ಇರುವುದು ಇಲ್ಲೇ, ಮೋಡದ ಹಿಂದೆ! ಕೋಟಿಗಟ್ಟಲೆ ಕಿಲೋಮೀಟರ್ ಎಂಬುದೆಲ್ಲ ಸುಳ್ಳು’ ಎಂದು ಬರೆದಿರುತ್ತಾರೆ. ಫೋಟೊ ನಿಜವೇ ಇರಬಹುದು. ಅದರಿಂದ ತೆಗೆದ ತೀರ್ಮಾನ ಮಾತ್ರ ತಪ್ಪು.

ರೈಲು ಹಳಿಯನ್ನೇ ನೋಡಿ. ಬ್ರಾಡ್‌ಗೇಜ್ ಹಳಿಗಳ ನಡುವಿನ ಅಂತರ 1,676 ಮಿ.ಮೀ. ಬೆಂಗಳೂರಿನಲ್ಲೂ ಅಷ್ಟೇ, ಹುಬ್ಬಳ್ಳಿಯಲ್ಲೂ ಅಷ್ಟೇ. ಆದರೂ ಲೆವೆಲ್ ಕ್ರಾಸಿಂಗ್‌ನಲ್ಲಿ ನಿಂತವರಿಗೆ ಅವು ದೂರದಲ್ಲಿ ಕೂಡಿದಂತೆ ಕಾಣುತ್ತವೆ. ಒಂದು ಕಿ.ಮೀ. ಆಚೆ ಆ ಅಂತರ ನಮ್ಮ ಕಣ್ಣಿಗೆ ಹುಣ್ಣಿಮೆ ಚಂದ್ರನ ಅಗಲದ ಸುಮಾರು ಐದನೇ ಒಂದು ಭಾಗದಷ್ಟೇ. ಹಾಗೆಂದು ಅಲ್ಲಿ ಹಳಿಗಳು ಕೂಡಿವೆ ಎಂದು ಯಾರೂ ರೈಲು ನಿಲ್ಲಿಸುವುದಿಲ್ಲವಲ್ಲ!

ಬಿಸಿಲುಕೋಲುಗಳ ಕಥೆಯೂ ಇದೇ. ಸೂರ್ಯ ಸುಮಾರು 15 ಕೋಟಿ ಕಿ.ಮೀ. ದೂರದಲ್ಲಿದ್ದಾನೆ. ಅವನ ಬಿಂಬ ನಮಗೆ ಕಾಣುವುದು ಅರ್ಧ ಡಿಗ್ರಿ ಅಗಲ. ಹಾಗಾಗಿ ಇಲ್ಲಿಗೆ ಬರುವ ಕಿರಣಗಳ ದಿಕ್ಕಿನಲ್ಲಿ ವ್ಯತ್ಯಾಸವೂ ಹೆಚ್ಚೆಂದರೆ ಅಷ್ಟೇ. ಹೆಚ್ಚುಕಡಿಮೆ ಸಮಾಂತರ ಎನ್ನಬಹುದು. ಕೋಲಿನ ನಮ್ಮ ಕಡೆಯ ತುದಿ ಹತ್ತಿರ, ಮೋಡದ ಕಡೆಯ ತುದಿ ದೂರ. ಅದಕ್ಕೇ ಅವು ಹರಡಿದಂತೆ ತೋರುತ್ತವೆ.

ಇಲ್ಲೊಂದು ಎಡವಟ್ಟು ಶಾಲೆಯಿಂದಲೇ ಬಂದಿದೆ. ‘ಎಂದೂ ಸೇರದ ಗೆರೆಗಳೇ ಸಮಾಂತರ ರೇಖೆಗಳು’ ಎಂದು ಬಾಯಿಪಾಠ ಮಾಡಿರುತ್ತೇವೆ. ಯೂಕ್ಲಿಡ್ ಹಾಕಿದ್ದ ಷರತ್ತು ಬಿಟ್ಟುಹೋಗಿರುತ್ತದೆ: ಎರಡೂ ಒಂದೇ ಸಮತಲದಲ್ಲಿರಬೇಕು. ಕೋಣೆಯ ನೆಲ ಮತ್ತು ಚಾವಣಿ ಸಮಾಂತರ ಸಮತಲಗಳು. ನೆಲದ ಮೇಲೆ ಉತ್ತರ–ದಕ್ಷಿಣವಾಗಿ, ಚಾವಣಿಯಲ್ಲಿ ಪೂರ್ವ–ಪಶ್ಚಿಮವಾಗಿ ಒಂದೊಂದು ಗೆರೆ ಎಳೆಯಿರಿ. ಎಷ್ಟು ಉದ್ದ ಮಾಡಿದರೂ ಅವು ಸೇರುವುದಿಲ್ಲ, ಆದರೆ ಸಮಾಂತರವೂ ಅಲ್ಲ. ಫೋಟೊ ಇಂಥ ಮೂರು ಆಯಾಮದ ಲೋಕವನ್ನು ಒಂದೇ ಸಮತಲಕ್ಕೆ ಒತ್ತಿಬಿಡುತ್ತದೆ. ಅದರ ಮೇಲೆ ಸ್ಕೇಲ್ ಇಟ್ಟು ಸೂರ್ಯನ ದೂರ ಅಳೆಯಲಾಗದು.

ನೀವೇ ಪರೀಕ್ಷಿಸಬೇಕೇ? ಪಶ್ಚಿಮದಲ್ಲಿ ಬಿಡಿಬಿಡಿ ಮೋಡವಿರುವ ಸಂಜೆ, ಸೂರ್ಯನಿಗೆ ಬೆನ್ನು ಹಾಕಿ ಪೂರ್ವದ ಆಕಾಶ ನೋಡಿ. ಅದೃಷ್ಟವಿದ್ದರೆ ಅದೇ ಕೋಲುಗಳು ತಲೆಯ ಮೇಲಿಂದ ಹಾದು, ಅಲ್ಲೂ ಒಂದು ಕಡೆ ಕೂಡುತ್ತಿರುವಂತೆ ಕಾಣುತ್ತವೆ. ಸೂರ್ಯ ಮೋಡದ ಹಿಂದೆಯೇ ಇದ್ದಿದ್ದರೆ ಅವು ಹರಡುತ್ತಲೇ ಹೋಗಬೇಕಿತ್ತು.