ಸಮ್ಮೇಳನದ ಅತಿಥಿಗಳಿಗೆ ಒಂದು ದಿನದ ಕೋಟೆ ಪ್ರವಾಸ: ನಮ್ಮ ರಸ್ತೆಯಲ್ಲಿ ಏನೇನಿದೆ, ಬಸ್ಸು ಎಲ್ಲಿ ನಿಲ್ಲಬೇಕು

ಹನಗೋಡು: ಮೈಸೂರಿನಲ್ಲಿ ವರ್ಷಪೂರ್ತಿ ಒಂದಲ್ಲ ಒಂದು ಸಮ್ಮೇಳನ ನಡೀತಾನೇ ಇರುತ್ತೆ. 2016ರ ಜನವರಿಯಲ್ಲಿ ಮಾನಸಗಂಗೋತ್ರಿಯಲ್ಲಿ 103ನೇ ಭಾರತೀಯ ವಿಜ್ಞಾನ ಕಾಂಗ್ರೆಸ್ ನಡೆಯಿತು. 2017ರ ನವೆಂಬರ್‌ನಲ್ಲಿ 83ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಸಿಎಫ್‌ಟಿಆರ್‌ಐ, ಭಾರತೀಯ ಭಾಷಾ ಸಂಸ್ಥಾನ, ವಾಕ್ ಶ್ರವಣ ಸಂಸ್ಥೆಗಳಲ್ಲಿ ಸಣ್ಣಪುಟ್ಟ ವಿಚಾರ ಸಂಕಿರಣಗಳಿಗೆ ಲೆಕ್ಕವೇ ಇಲ್ಲ. ಎರಡು ಮೂರು ದಿನ ಭಾಷಣ ಕೇಳಿದ ಅತಿಥಿಗಳಿಗೆ ಕೊನೆಯಲ್ಲಿ ಒಂದು ದಿನ ಪ್ರವಾಸ ಇಡುವುದು ವಾಡಿಕೆ. ಅರಮನೆ, ಚಾಮುಂಡಿ ಬೆಟ್ಟ, ಶ್ರೀರಂಗಪಟ್ಟಣ ಮೊದಲೇ ನೋಡಿದವರು "ಬೆಟ್ಟದ ಮೇಲಿನ ಕೋಟೆ ಯಾವುದಾದರೂ ಇದೆಯಾ" ಅಂತ ಕೇಳ್ತಾರೆ. ಇದೆ. ಅಲ್ಲಿಗೆ ಹೋಗುವ ದಾರಿ ನಮ್ಮ ತಾಲ್ಲೂಕುಗಳ ಮೇಲೇ ಹಾದುಹೋಗುತ್ತೆ. ಆದರೆ ಬಸ್ಸು ಮಾತ್ರ ನಿಲ್ಲಲ್ಲ.

ಟಿಟಿ ಓಡಿಸುವವರು, ಹೋಟೆಲ್ ಇಟ್ಟವರು, ಗೈಡ್ ಕೆಲಸ ಮಾಡಬೇಕು ಅಂತಿರುವ ಹುಡುಗರು, ಸಮ್ಮೇಳನ ನಡೆಸುವ ಕಾಲೇಜಿನ ಮೇಷ್ಟ್ರುಗಳು, ಎಲ್ಲರಿಗೂ ಉಪಯೋಗಕ್ಕೆ ಬರಲಿ ಅಂತ ಈ ವಿವರಗಳನ್ನು ಒಂದೇ ಕಡೆ ಹಾಕಿದ್ದೇವೆ.

ಬಿಳಿಕೆರೆ ಹತ್ತಿರ ಎರಡು ದಾರಿ

ಮೈಸೂರಿನಿಂದ ಪಶ್ಚಿಮಕ್ಕೆ ಹೊರಟರೆ ಬಿಳಿಕೆರೆ ಹತ್ತಿರ ರಸ್ತೆ ಕವಲಾಗುತ್ತೆ. ನೇರ ಹೋದರೆ ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ, ಮಡಿಕೇರಿ. ಬಲಕ್ಕೆ ತಿರುಗಿದರೆ ಕೆ.ಆರ್.ನಗರ, ಹೊಳೆನರಸೀಪುರ, ಹಾಸನ, ಅಲ್ಲಿಂದ ಸಕಲೇಶಪುರ. ಮೊದಲನೇ ದಾರಿಯ ಕೊನೆಗೆ ಮಡಿಕೇರಿ ಕೋಟೆ, ಎರಡನೆಯದರ ಕೊನೆಗೆ ಮಂಜರಾಬಾದ್ ಕೋಟೆ. ಎರಡನ್ನೂ ಒಂದೇ ದಿನದಲ್ಲಿ ತೋರಿಸುತ್ತೇವೆ ಅಂತ ಯಾರಾದರೂ ಪ್ಯಾಕೇಜ್ ಹಾಕಿದರೆ ನಂಬಬೇಡಿ. ಅಂಥ ಪ್ರವಾಸದಲ್ಲಿ ಅತಿಥಿಗಳು ನೋಡುವುದು ಕಿಟಕಿ ಗಾಜು ಮಾತ್ರ.

ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿ.ಮೀ. ಮಂಜರಾಬಾದ್‌ಗೆ 160 ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ. ಹೋಗಿ ಬರುವುದು ಅಂದ್ರೆ ಇದರ ಎರಡರಷ್ಟು ಅನ್ನೋದನ್ನು ಸಂಘಟಕರು ಮರೆಯುತ್ತಾರೆ. ವಯಸ್ಸಾದ ಪ್ರೊಫೆಸರ್‌ಗಳು ಇರುವ ತಂಡವಾದರೆ ಮಡಿಕೇರಿಯೇ ಸರಿ. ಕೋಟೆ ಊರಿನ ಮಧ್ಯದಲ್ಲೇ ಇದೆ, ವಾಹನ ಹತ್ತಿರದವರೆಗೂ ಹೋಗುತ್ತೆ.

ಪಿರಿಯಾಪಟ್ಟಣ ಬಿಟ್ಟರೆ ಮಡಿಕೇರಿ ಕತೆ ಅರ್ಧ

ಮಡಿಕೇರಿಗೆ ಹೋಗುವ ಎಲ್ಲ ಬಸ್ಸೂ ಪಿರಿಯಾಪಟ್ಟಣದ ಮೇಲೇ ಹೋಗುತ್ತೆ. ಯಾವ ಗೈಡೂ ಅಲ್ಲಿ ಇಳಿಸಲ್ಲ. ಮುಂದಿನ ಸ್ಟಾಪು ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ಲೇ. ಬೈಲಕುಪ್ಪೆ ನೋಡಬಾರದು ಅಂತಲ್ಲ. 1961ರಲ್ಲಿ ಶುರುವಾದ ಟಿಬೆಟನ್ ಶಿಬಿರ ಅದು, ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನದೇ. ಆದರೆ ಕೋಟೆ ಪ್ರವಾಸ ಅಂತ ಹೊರಟವರು ಪಿರಿಯಾಪಟ್ಟಣ ಬಿಟ್ಟರೆ ಮಡಿಕೇರಿಯಲ್ಲಿ ಹೇಳುವ ಕತೆಗೆ ತಲೆಯೇ ಇರಲ್ಲ.

ಪಿರಿಯಾಪಟ್ಟಣದ್ದು ಬೆಟ್ಟದ ಕೋಟೆ ಅಲ್ಲ, ಬಯಲಿನ ಕೋಟೆ. ಚಂಗಾಳ್ವರ ರಾಜಧಾನಿ ಇದು. 16ನೇ ಶತಮಾನದಲ್ಲಿ ಪಿರಿಯರಾಜ ಕಲ್ಲಿನ ಕೋಟೆ ಕಟ್ಟಿಸಿದ, ಊರಿಗೂ ಅವನದೇ ಹೆಸರು ಬಂತು. 1644ರಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದ ಮೈಸೂರು ಸೈನ್ಯ ಮುತ್ತಿಗೆ ಹಾಕಿತು. ಸುತ್ತ ಬಯಲು, ಅಡ್ಡ ನಿಲ್ಲೋಕೆ ಬೆಟ್ಟವಿಲ್ಲ. ಗೆಲ್ಲುವ ದಾರಿ ಇಲ್ಲ ಅಂತ ಗೊತ್ತಾದಾಗ ಕೊನೆಯ ದೊರೆ ವೀರರಾಜ ಹೆಂಡತಿ ಮಕ್ಕಳನ್ನು ತಾನೇ ಕೊಂದು, ಕಾದಾಡಿ ಸತ್ತ ಅಂತ ಹಳೆಯ ಗೆಜೆಟಿಯರ್‌ನಲ್ಲಿ ಇದೆ. ರಾಜರು ಯಾಕೆ ಅಷ್ಟು ಕಷ್ಟಪಟ್ಟು ಬೆಟ್ಟದ ಮೇಲೆ ಕಲ್ಲು ಹೊರಿಸಿದರು ಅಂತ ಅತಿಥಿಗಳು ಕೇಳಿದರೆ ಉತ್ತರ ಪಿರಿಯಾಪಟ್ಟಣದಲ್ಲೇ ಇದೆ.

ಇದಕ್ಕಿಂತ ದೊಡ್ಡ ಕತೆ ಆಮೇಲಿನದು. 1780ರಲ್ಲಿ ಕೊಡಗಿನ ಲಿಂಗರಾಜ ತೀರಿಕೊಂಡಾಗ ಮಕ್ಕಳು ಇನ್ನೂ ಚಿಕ್ಕವರು. ಹೈದರಾಲಿ ಅವರನ್ನು ಗೊರೂರಿನಲ್ಲಿ ಇರಿಸಿದ. ಟಿಪ್ಪು ಕಾಲದಲ್ಲಿ ಅವರನ್ನು ಪಿರಿಯಾಪಟ್ಟಣ ಕೋಟೆಗೆ ತಂದು ಸೆರೆಯಲ್ಲಿ ಇಟ್ಟರು. ಆ ಮಕ್ಕಳಲ್ಲಿ ದೊಡ್ಡವನೇ ದೊಡ್ಡ ವೀರರಾಜೇಂದ್ರ. 1788ರ ಡಿಸೆಂಬರ್‌ನಲ್ಲಿ ಹೆಂಡತಿ, ಇಬ್ಬರು ತಮ್ಮಂದಿರ ಜೊತೆ ಇಲ್ಲಿಂದ ತಪ್ಪಿಸಿಕೊಂಡು ಕೊಡಗು ಸೇರಿದ. ಎರಡು ವರ್ಷದೊಳಗೆ, 1790ರಲ್ಲಿ, ಮಡಿಕೇರಿ ಕೋಟೆ ಅವನ ಕೈಗೆ ಬಂತು.

ಕೋಟೆ ಸಿಕ್ಕಿದ ರೀತಿಯೂ ವಿಶೇಷವೇ. ಮಡಿಕೇರಿಯಲ್ಲಿದ್ದ ಟಿಪ್ಪುವಿನ ಕಾವಲಿನವರಿಗೆ ದವಸ ಧಾನ್ಯ ತಲುಪಿಸಲು ಖಾದರ್ ಖಾನ್ ಎಂಬ ಅಧಿಕಾರಿ ಬಂದ. ಕೊಡಗರು ಅವನ ತಂಡವನ್ನು ಸುತ್ತುಹಾಕಿದರು. ಆದರೆ ಪಿರಿಯಾಪಟ್ಟಣದ ಸೆರೆಯಲ್ಲಿದ್ದಾಗ ರಾಜನ ಮನೆಯವರಿಗೆ ಇದೇ ಖಾದರ್ ಖಾನ್ ಉಪಕಾರ ಮಾಡಿದ್ದ. ಆ ಋಣಕ್ಕಾಗಿ ವೀರರಾಜೇಂದ್ರ ಅವನನ್ನು ಕೊಲ್ಲಲಿಲ್ಲ. ದವಸದ ಸಮೇತ ಕೋಟೆಯೊಳಗೆ ಹೋಗಲು ಬಿಟ್ಟು, ಆಮೇಲೆ ಮರ್ಯಾದೆಯ ಒಪ್ಪಂದದ ಮೇಲೆ ಕೋಟೆ ಬಿಡಿಸಿಕೊಂಡು, ಎಲ್ಲರನ್ನೂ ಜೀವಸಹಿತ ಕಳಿಸಿಕೊಟ್ಟ. ಶತ್ರುವಿನ ಕೋಟೆಯ ಸೆರೆಮನೆಯಲ್ಲಿ ಹುಟ್ಟಿದ ಋಣ ಇನ್ನೊಂದು ಕೋಟೆಯಲ್ಲಿ ತೀರಿತು. ಇದನ್ನು ಪಿರಿಯಾಪಟ್ಟಣದಲ್ಲಿ ಇಪ್ಪತ್ತು ನಿಮಿಷ ನಿಲ್ಲಿಸಿ ಹೇಳಿದರೆ ಮಡಿಕೇರಿ ತಲುಪೋವರೆಗೂ ಬಸ್ಸಿನಲ್ಲಿ ಯಾರೂ ನಿದ್ದೆ ಮಾಡಲ್ಲ.

ಮರುವರ್ಷ 1791ರಲ್ಲಿ ಜನರಲ್ ಅಬರ್‌ಕ್ರೋಂಬಿಯ ಬೊಂಬಾಯಿ ಸೈನ್ಯ ಕೊಡಗಿನ ಮೇಲೆ ಇಳಿದು ಪಿರಿಯಾಪಟ್ಟಣಕ್ಕೇ ಬಂತು. ಆ ಯುದ್ಧಗಳ ಕಾಲದಲ್ಲಿ ಕೋಟೆ ಹಾಳಾಯಿತು. ಈಗ ಉಳಿದಿರುವುದು ತುಂಡು ತುಂಡು. ದೊಡ್ಡ ಬಾಗಿಲು, ಬುರುಜು ನಿರೀಕ್ಷಿಸಿ ಬಂದವರಿಗೆ ನಿರಾಸೆ ಆಗುತ್ತೆ, ಅದನ್ನು ಮೊದಲೇ ಹೇಳಿಬಿಡಬೇಕು. ಹಳೇ ಊರು, ಊರದೇವತೆ ಮಸಣಿಕಮ್ಮನ ಗುಡಿ ಜೊತೆಗೆ ಸೇರಿಸಿ ತೋರಿಸಿದರೆ ಅರ್ಧ ಗಂಟೆ ಸಾಕು.

ಮಡಿಕೇರಿ ಕೋಟೆಯಲ್ಲಿ ಏನು ನೋಡಬೇಕು

ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರ. 17ನೇ ಶತಮಾನದ ಕೊನೆ ಭಾಗದಲ್ಲಿ ಮುದ್ದುರಾಜ ಇಲ್ಲಿ ರಾಜಧಾನಿ ಮಾಡಿ ಮಣ್ಣಿನ ಕೋಟೆ ಕಟ್ಟಿಸಿದ. ಟಿಪ್ಪು ಅದನ್ನು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಅಂತ ಹೆಸರಿಟ್ಟ. ಗುಡ್ಡದ ಆಕಾರಕ್ಕೆ ತಕ್ಕಂತೆ ಕೋಟೆಗೆ ಆರು ಮೂಲೆ, ಮೂಲೆಗೊಂದು ದುಂಡನೆ ಬುರುಜು. ಬಾಗಿಲಿನ ದಾರಿ ನೇರ ಇಲ್ಲ, ಸುತ್ತಿ ಬಳಸಿ ಒಳಗೆ ಹೋಗಬೇಕು. ಆನೆಯೋ ಸೈನ್ಯವೋ ಒಂದೇ ಸಮ ಓಡಿಬಂದು ಬಾಗಿಲಿಗೆ ಗುದ್ದಬಾರದು ಅಂತ ಈ ಸುತ್ತು. ಅತಿಥಿಗಳನ್ನು ಅಲ್ಲೇ ಒಂದು ನಿಮಿಷ ನಿಲ್ಲಿಸಿ ತೋರಿಸಿ.

ಒಳಗಿನ ಅರಮನೆಯನ್ನು 1812ರಿಂದ 1814ರ ಒಳಗೆ ಕಟ್ಟಿಸಿದ್ದು ಲಿಂಗರಾಜೇಂದ್ರ. ಅಣ್ಣನ ಜೊತೆ ಪಿರಿಯಾಪಟ್ಟಣದಿಂದ ತಪ್ಪಿಸಿಕೊಂಡ ತಮ್ಮಂದಿರಲ್ಲಿ ಒಬ್ಬ ಇವನೇ. 1834ರಲ್ಲಿ ಇಂಗ್ಲಿಷರು ಕೊಡಗನ್ನು ತೆಗೆದುಕೊಂಡರು. ಕೋಟೆಯೊಳಗಿದ್ದ ವೀರಭದ್ರ ದೇವಸ್ಥಾನ ಕೆಡವಿ 1855ರಲ್ಲಿ ಚರ್ಚ್ ಕಟ್ಟಿದರು, ಅದೇ ಈಗ ಸರ್ಕಾರಿ ಮ್ಯೂಸಿಯಂ. 1933ರಲ್ಲಿ ಅರಮನೆಗೆ ಗಡಿಯಾರದ ಗೋಪುರ, ಕಮಿಷನರ್ ಕಾರು ನಿಲ್ಲಿಸೋಕೆ ಪೋರ್ಟಿಕೋ ಸೇರಿಸಿದರು. ರಾಜನ ಅರಮನೆಗೆ ಕಾರ್ ಶೆಡ್! ಎರಡು ಗಾರೆಯ ಆನೆಗಳ ಮುಂದೆ ಎಲ್ಲರೂ ಫೋಟೋ ತೆಗೆಸಿಕೊಳ್ತಾರೆ, ಅದಕ್ಕೆ ಟೈಮ್ ಬಿಡಿ.

ಕೋಟೆಗೆ ಎರಡು ಗಂಟೆ ಇಟ್ಟರೆ ಸರಿಹೋಗುತ್ತೆ. ಮ್ಯೂಸಿಯಂಗೆ ವಾರದ ರಜೆ ಇರುತ್ತೆ, ಹೊರಡುವ ಮುಂಚೆ ಫೋನ್ ಮಾಡಿ ಕೇಳಿಕೊಳ್ಳಿ.

ಟಿಪ್ಪು ಬಗ್ಗೆ ಗೈಡ್ ಏನು ಹೇಳಬೇಕು

ಇದು ನಾಜೂಕಿನ ವಿಷಯ. ಮೈಸೂರು ಕಡೆ ಗೈಡ್ ಕೆಲವು ಸಲ ಎಲ್ಲ ಕೋಟೆಯನ್ನೂ ಟಿಪ್ಪು ಲೆಕ್ಕಕ್ಕೆ ಬರೆದುಬಿಡ್ತಾನೆ. ಮಡಿಕೇರಿಗೆ ಹೋದರೆ ಟಿಪ್ಪು ಹೆಸರು ಹೇಳಿದ ಕೂಡಲೇ ಮುಖ ಗಂಟಾಗುತ್ತೆ. 1785ರಲ್ಲಿ ಕೊಡಗಿನ ಬಹಳ ಜನರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದು ಇತಿಹಾಸ, ಎಷ್ಟು ಜನ ಅನ್ನೋದರಲ್ಲಿ ಲೆಕ್ಕಗಳು ಬೇರೆ ಬೇರೆ. ಕಲ್ಲಿನ ಗೋಡೆ ಕಟ್ಟಿಸಿದ್ದೂ ಅವನೇ. ಎರಡನ್ನೂ ಹೇಳಿ. ಒಂದನ್ನು ಮುಚ್ಚಿಟ್ಟರೆ ಓದಿಕೊಂಡು ಬಂದ ಅತಿಥಿ ಎದ್ದು ನಿಂತು ಕೇಳ್ತಾನೆ, ಆಗ ಮರ್ಯಾದೆ ಹೋಗೋದು ಗೈಡಿನದೇ. ಮಾಡುವ ಕೆಲಸ ಗಟ್ಟಿ ಇರಬೇಕು ಅಂದರೆ ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಇರುವ ಗೈಡನ್ನೇ ಕರೆಯಿರಿ.

ಕೆ.ಆರ್.ನಗರದ ದಾರಿ: ಮಂಜರಾಬಾದ್

ಗಟ್ಟಿ ಕಾಲಿನ ತಂಡವಾದರೆ, ಎಂಜಿನಿಯರಿಂಗ್ ಸಮ್ಮೇಳನದವರಾದರೆ, ಮಂಜರಾಬಾದ್‌ಗೆ ಕರೆದುಕೊಂಡು ಹೋಗಿ. ಸಕಲೇಶಪುರದಿಂದ ಮಂಗಳೂರು ಹೆದ್ದಾರಿಯಲ್ಲಿ ಐದಾರು ಕಿ.ಮೀ. ಹೋದರೆ ದೋಣಿಗಾಲ್. ಅಲ್ಲಿಂದ 250ರಷ್ಟು ಮೆಟ್ಟಿಲು ಹತ್ತಬೇಕು. ಕೋಟೆ ಇರುವುದು 988 ಮೀಟರ್ ಎತ್ತರದಲ್ಲಿ. ಟಿಪ್ಪು ಕಟ್ಟಿಸಿದ ಇದು 1792ರಲ್ಲಿ ಮುಗಿಯಿತು. ಕರಾವಳಿಯಿಂದ ಘಾಟ್ ಹತ್ತಿ ಬರುವ ದಾರಿಯನ್ನು ಕಾಯೋಕೆ ಈ ಜಾಗ.

ಕೆಳಗಿಂದ ನೋಡಿದರೆ ಗೊತ್ತಾಗಲ್ಲ, ಮೇಲಿಂದ ನೋಡಿದರೆ ಎಂಟು ಮೂಲೆಯ ನಕ್ಷತ್ರ. ಚೆಂದಕ್ಕೆ ಮಾಡಿದ್ದಲ್ಲ. ಗೋಡೆ ನೇರ ಇದ್ದರೆ ಬುಡಕ್ಕೆ ಬಂದು ಅಂಟಿಕೊಂಡ ಶತ್ರುವಿಗೆ ಮೇಲಿಂದ ಗುಂಡು ಹೊಡೆಯೋಕೆ ಆಗಲ್ಲ. ಮೂಲೆಗಳು ಹೊರಗೆ ಚಾಚಿದ್ದರೆ ಒಂದು ಮೂಲೆಯವರು ಇನ್ನೊಂದು ಮೂಲೆಯ ಗೋಡೆ ಬುಡಕ್ಕೆ ಗುರಿ ಇಡಬಹುದು, ಮರೆ ಅನ್ನೋದೇ ಇರಲ್ಲ. ಫ್ರಾನ್ಸಿನಲ್ಲಿ 14ನೇ ಲೂಯಿಯ ಎಂಜಿನಿಯರ್ ವೋಬಾನ್ ಹೆಸರು ಮಾಡಿದ್ದು ಇಂಥ ಕೋಟೆಗಳಿಂದಲೇ. ಅವನ ಹನ್ನೆರಡು ಕೋಟೆ ತಾಣಗಳು 2008ರಿಂದ ಯುನೆಸ್ಕೋ ಪಟ್ಟಿಯಲ್ಲಿವೆ. ಯುರೋಪಿನ ಅತಿಥಿ ಮಂಜರಾಬಾದ್ ನೋಡಿದ ತಕ್ಷಣ ಗುರುತು ಹಿಡಿಯುತ್ತಾನೆ. ಕೋಟೆಯ ನಡುವೆ ಶಿಲುಬೆಯ ಆಕಾರದ ಕೊಳ, ಪಕ್ಕದಲ್ಲಿ ಮದ್ದುಗುಂಡು ಇಡುತ್ತಿದ್ದ ನೆಲಮಾಳಿಗೆ ಕೋಣೆಗಳಿವೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ. ಕಲ್ಲು ಜಾರುತ್ತೆ, ಜಿಗಣೆ ಕಾಟ, ಮಂಜಿನಲ್ಲಿ ನಿಮ್ಮ ಮುಂದೆ ಇರುವವನೇ ಕಾಣಲ್ಲ. ಈ ದಾರಿಯಲ್ಲಿ ಕೆ.ಆರ್.ನಗರದಲ್ಲಿ ಬೆಳಗಿನ ತಿಂಡಿ, ಹಾಸನದಲ್ಲಿ ಒಂದು ಟೀ. ಮೈಸೂರು ಬಿಡೋದು ಆರು ಗಂಟೆಗಿಂತ ತಡವಾದರೆ ವಾಪಸ್ಸು ರಾತ್ರಿ ಹತ್ತಾಗುತ್ತೆ.

ಎಚ್.ಡಿ.ಕೋಟೆ ಕಡೆಯವರಿಗೆ

ಹೆಸರಿನಲ್ಲೇ ಕೋಟೆ ಇರುವ ತಾಲ್ಲೂಕಿನವರು ನಮ್ಮನ್ನು ಬಿಟ್ಟಿರಿ ಅಂತ ಅನ್ನಬಾರದು. ಗುಂಡ್ಲುಪೇಟೆ ಸೀಮೆಯ ಹಿಮವದ್ ಗೋಪಾಲಸ್ವಾಮಿ ಬೆಟ್ಟವನ್ನು ಹಿಂದೆ ಬೆಟ್ಟದಕೋಟೆ ಅಂತಲೇ ಕರೆಯುತ್ತಿದ್ದರು, 1,454 ಮೀಟರ್ ಎತ್ತರ. ಅಲ್ಲಿ ಹೋಗೋರು ಗೋಡೆ ನೋಡೋಕಲ್ಲ, ದೇವಸ್ಥಾನಕ್ಕೆ. ಖಾಸಗಿ ವಾಹನ ಬುಡದಲ್ಲೇ ನಿಲ್ಲಬೇಕು, ಮೇಲಕ್ಕೆ ಕೆಎಸ್‌ಆರ್‌ಟಿಸಿ ಬಸ್ಸು.

ಚಿತ್ರದುರ್ಗ ಕೇಳುವವರೂ ಇರ್ತಾರೆ. ಏಳು ಸುತ್ತಿನ ಕೋಟೆ ಮೈಸೂರಿನಿಂದ ಹೋಗಿ ಬರೋಕೆ ಒಂದು ದಿನದ ಮಾತಲ್ಲ.

ಅಂಗಡಿ, ಹೋಟೆಲಿನವರು ಗಮನಿಸಿ

ಮಡಿಕೇರಿ ಪ್ರವಾಸದ ಹೊತ್ತು ಹೀಗೆ ಹಿಡಿದುಕೊಳ್ಳಿ. 6.30ಕ್ಕೆ ಮೈಸೂರು, 7.30ಕ್ಕೆ ಹುಣಸೂರಿನಲ್ಲಿ ತಿಂಡಿ, 8.45ಕ್ಕೆ ಪಿರಿಯಾಪಟ್ಟಣ, 11ರ ಹೊತ್ತಿಗೆ ಕೋಟೆ, ಒಂದೂವರೆಗೆ ಮಡಿಕೇರಿಯಲ್ಲಿ ಊಟ, ಮೂರಕ್ಕೆ ವಾಪಸ್, ನಾಲ್ಕೂವರೆಗೆ ಬೈಲಕುಪ್ಪೆ, ಆರೂವರೆಗೆ ಹುಣಸೂರಿನಲ್ಲಿ ಕಾಫಿ. ಅಂದ್ರೆ ನಮ್ಮ ಎರಡು ಊರುಗಳಲ್ಲಿ ಮೂರು ನಿಲುಗಡೆ. ಒಂದು ಟಿಟಿಯಲ್ಲಿ ಹನ್ನೆರಡು ಜನ ಅಂದ್ರೂ ಇಡ್ಲಿ, ಕಾಫಿ, ಬಾಳೆಹಣ್ಣು ಲೆಕ್ಕ ಹಾಕಿ ನೋಡಿ.

ಬಸ್ಸು ನಿಲ್ಲುವುದು ರುಚಿ ನೋಡಿ ಅಲ್ಲ, ಶೌಚಾಲಯ ನೋಡಿ. ಹೆಂಗಸರಿಗೆ ಬೇರೆ, ನೀರು ಬರುವ, ಚಿಲಕ ಹಾಕುವ ಶೌಚಾಲಯ ಇದ್ದರೆ ಡ್ರೈವರ್ ತಾನಾಗಿ ನಿಲ್ಲಿಸ್ತಾನೆ. ಎರಡನೆಯದು, ಸಮ್ಮೇಳನದ ಪ್ರವಾಸ ತಿಂಗಳು ಮೊದಲೇ ನಿಗದಿ ಆಗಿರುತ್ತೆ. ಬಸ್ಸು ಬಂದ ದಿನ ಕೈ ತೋರಿಸಿದರೆ ಆಗಲ್ಲ, ಸಂಘಟನೆ ಮಾಡುವ ವಿಭಾಗಕ್ಕೆ ಮೊದಲೇ ಹೋಗಿ ನಿಮ್ಮ ಕಾರ್ಡ್, ಊಟದ ಪಟ್ಟಿ ಕೊಟ್ಟು ಬರಬೇಕು.

ವಾಹನ ಹಳದಿ ಬೋರ್ಡಿನದೇ ಆಗಿರಲಿ. ಸ್ನೇಹಿತರ ಬಿಳಿ ಬೋರ್ಡ್ ಗಾಡಿ ಬಾಡಿಗೆಗೆ ಕೊಟ್ಟು ಅಪಘಾತವಾದರೆ ವಿಮೆ ಸಿಗೋದು ಕಷ್ಟ. ವಿದೇಶಿಯರು ಬೈಲಕುಪ್ಪೆ ಶಿಬಿರದಲ್ಲಿ ರಾತ್ರಿ ತಂಗಬೇಕಾದರೆ ಕೇಂದ್ರ ಸರ್ಕಾರದ ಪರವಾನಗಿ ಬೇಕು, ನೋಡಿಕೊಂಡು ಹೋಗಿ ಅಂತ ಮೊದಲೇ ಹೇಳಿ. ಮಡಿಕೇರಿಯಿಂದ ಗೋಣಿಕೊಪ್ಪ, ಕುಟ್ಟ ಮೇಲೆ ನಾಗರಹೊಳೆ ಕಾಡಿನೊಳಗೆ ಬಂದು ನಮ್ಮ ವೀರನಹೊಸಹಳ್ಳಿ ಗೇಟಿಗೆ ಇಳಿಯೋಣ ಅಂತ ಕೆಲವರಿಗೆ ಆಸೆ. ಆ ರಸ್ತೆ ಸಂಜೆ 6ಕ್ಕೆ ಮುಚ್ಚುತ್ತೆ, ಬೆಳಿಗ್ಗೆ 6ರವರೆಗೂ ತೆಗೆಯಲ್ಲ. ಕೋಟೆ ನೋಡಿ ತಡವಾದವರು ಬಂದ ದಾರಿಯಲ್ಲೇ ಹಿಂತಿರುಗಲಿ.

ಇನ್ನೊಂದು. ಹುಣಸೂರು ದಾಟಿದ ಮೇಲೆ ಹೊಲಗಳ ನಡುವೆ ಕಾಣುವ ಎತ್ತರದ ಮನೆಗಳು ಏನು ಅಂತ ಅತಿಥಿಗಳು ಕೇಳದೆ ಇರಲ್ಲ. ಅದೂ ಕೋಟೆಯ ಬುರುಜಲ್ಲ, ಹೊಗೆಸೊಪ್ಪಿನ ಬ್ಯಾರನ್ ಅಂತ ಹೇಳೋಕೆ ಬಸ್ಸಿನಲ್ಲಿ ನಮ್ಮ ಕಡೆಯ ಒಬ್ಬ ಹುಡುಗ ಇದ್ದರೆ ಒಳ್ಳೇದು.